ಊರಾಳು ಕೇಳಿದ ಪ್ರಶ್ನೆ

ಕೆಳಗೇರಿ, ತುಂಗಭದ್ರೆಯ ದಂಡೆ
ಫೆಬ್ರವರಿ 30, 2214

ಇನ್ನೂರು ವರ್ಷ ಹಿಂದಿರುವ ನನ್ನ ಜನರೇ,

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತು ದಿನ ಸಮವಾಗಿ ಹಂಚಿದ್ದೇವೆ. ಮಿಕ್ಕ ದಿನಗಳಲ್ಲಿ ಯಾರೂ ಯಾರಿಗೂ ದುಡಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಕ್ಷಮಿಸಿ. ಊರಿನ ನೀರು, ದೀಪ, ಬಾಗಿಲುಗಳನ್ನು ನಡೆಸುವ ಕಂಪ್ಯೂಟರಿಗೆ ನಾವು ಊರಾಳು ಎನ್ನುತ್ತೇವೆ. ನಿನ್ನೆ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆವು.

ಹಳೆಯದರ ಬೇರು ನಿಮ್ಮ ಕಾಲದಲ್ಲಿದೆ. ಯಾವ ಮಹಾಶಯ ಬರೆದನೋ! ನೀರು ಮೊದಲು ಮೇಲೋಣಿಗೆ, ಆಮೇಲೆ ನಡು ಓಣಿಗೆ, ಉಳಿದರೆ ನಮ್ಮ ಕೇರಿಗೆ. ಕೇಳಿದರೆ, ಯಂತ್ರಕ್ಕೆ ಜಾತಿ ಇಲ್ಲ ಎಂಬ ಉತ್ತರ. ಯಂತ್ರಕ್ಕೆ ಇರಲಿಲ್ಲ, ಬರೆದ ಕೈಗೆ ಇತ್ತು. ವರ್ಷಗಟ್ಟಲೆ ಧರಣಿ ಕೂತು ಗೆದ್ದೆವು. ಹೊಸದನ್ನು ಬರೆಯಲು ನಮ್ಮ ಕೇರಿಯ ಹೆಣ್ಣುಮಕ್ಕಳೂ ಕೂತರು.

ನಿನ್ನೆ ಕೇರಿಯೆಲ್ಲ ಹಲಗೆ ಬಡಿಯುತ್ತ ಪಂಪ್‌ಹೌಸಿಗೆ ಹೋಯಿತು. ಪರದೆ ತಿಳಿಹಸಿರು, ಅಕ್ಷರ ದಪ್ಪ, ಕನ್ನಡ ನಮ್ಮ ಬಾಯಿಯ ಕನ್ನಡ. ಹೊಸದನ್ನು ಹಾಕುವ ಕೆಲಸ ಅರ್ಧಕ್ಕೆ ಬಂದಾಗ ಊರಾಳು ನಿಂತು ಕೇಳಿತು: ಹಳೆಯ ಸೆಟ್ಟಿಂಗ್ ಎಲ್ಲ ತರಲೇನು? ಮುಂದೆ ಕೂತಿದ್ದ ನಮ್ಮ ಹೋರಾಟದ ಮುಂದಾಳು ಯಂಕೋಬ 'ಹೌದು' ಒತ್ತಲು ಬೆರಳೆತ್ತಿದ. ಹೊಸ ಮನೆಗೆ ಹಳೇ ಒಲೆಯ ಕೆಂಡ ಒಯ್ಯುವುದು ನಮ್ಮ ಕೇರಿಯ ಪದ್ಧತಿ, ಅದೇ ಗುಂಗಿನಲ್ಲಿದ್ದ.

ಸಿಸ್ಟಂ ಬರೆದವರಲ್ಲಿ ಒಬ್ಬಳಾದ ಹುಲಿಗೆವ್ವ ಅವನ ಕೈ ಹಿಡಿದಳು.

"ಏ ಯಣ್ಣಾ, ತಡಿ! ಹಳೇದು ಬಂತಂದ್ರ ನೀರಿನ ಪಾಳಿನೂ ಬರ್ತದ. ಮತ್ತ ನಾವು ಕಡೀಗೇ. ಇಷ್ಟು ವರ್ಷ ಬಿಸಿಲಾಗ ಕುಂತಿದ್ದು ಪರದೆ ಬಣ್ಣ ಬದ್ಲಿ ಮಾಡಾಕೇನು?"

"ಭಾಷಣ ಮಾಡಾಂವ ನಾನು, ಬೈಸ್ಕೊಳ್ಳಾಂವನೂ ನಾನು," ಎಂದು ಯಂಕೋಬ ಎದ್ದುನಿಂತ. "ಬಾ ತಾಯಿ, ನೀನೇ ಒತ್ತು."

ಅವಳು 'ಬೇಡ' ಒತ್ತಿದಳು.

ಸುಳ್ಳು ಹೇಳುವುದಿಲ್ಲ, ಆಮೇಲೆ ಬರೀ ಗೊಂದಲ. ಬೀದಿದೀಪ ಹಗಲಲ್ಲೇ ಉರಿದವು. ಶಾಲೆಯ ಬಾಗಿಲು ಮೇಷ್ಟ್ರನ್ನೇ ಒಳಗೆ ಬಿಡಲಿಲ್ಲ. ಆದರೆ ನೀರು ಎಲ್ಲ ನಲ್ಲಿಗೂ ಒಟ್ಟಿಗೆ ಬಂತು. ಸಣ್ಣ ಧಾರೆ, ಎಲ್ಲರಿಗೂ ಅಷ್ಟೇ. ಮೇಲೋಣಿಯವರು ಕೂಗಾಡಿದರು; ಸಂಜೆಗೆ ಅವರೂ ಕೊಡ ತುಂಬುವ ತನಕ ಕಾದರು. ಯಾರ ಗಂಟೂ ಹೋಗಲಿಲ್ಲ.

ನೀವು ಈಗ ಯಂತ್ರಗಳಿಗೆ ಬುದ್ಧಿ ಕಲಿಸುತ್ತಿದ್ದೀರಿ. ಯಾರು ಮೊದಲು, ಯಾರು ಆಮೇಲೆ ಎಂದು ಬರೆಯುವಲ್ಲಿ ಕೊನೆಯಲ್ಲಿ ನಿಂತವರನ್ನು ಕೂರಿಸಿ. ಕರೆಯದಿದ್ದರೆ, ಕೊನೆಯಲ್ಲಿ ನಿಂತವರೇ, ನೀವೇ ನುಗ್ಗಿ ಕುರ್ಚಿ ಎಳೆದುಕೊಳ್ಳಿ. ನಮ್ಮ ಮಕ್ಕಳು ಇವತ್ತು ಬೆಳಿಗ್ಗೆಯೇ ಸ್ನಾನ ಮಾಡಿ ಶಾಲೆಗೆ ಹೋದರು. ನಿಮ್ಮ ಮಕ್ಕಳು ಇನ್ನೂರು ವರ್ಷ ಯಾಕೆ ಕಾಯಬೇಕು?

ನಿಮ್ಮವಳೇ,
ದ್ಯಾಮವ್ವ