ಹಿಂದಿನ ನಲ್ಲಿ

ಅಕ್ಟೋಬರ್ 29, ಭಾನುವಾರ

ಎರಡು ಸಲ ಸೋಪು ಹಾಕಿದರೂ ಕೈಯಿಂದ ಡೀಸೆಲ್ ವಾಸನೆ ಹೋಗಿಲ್ಲ. ಇವತ್ತು ಮ್ಯೂಸಿಯಂನ ಹಳೇ ರೈಲು ಎಂಜಿನ್ ಆಲ್ಕೊದ ನೀರು ಇಳಿಸಿದೆವು. ವರ್ಷವರ್ಷದ ಕೆಲಸ. ಕಾರಿನ ಹಾಗಲ್ಲ ಇದು, ಹೆಪ್ಪುಗಟ್ಟದ ಹಾಗೆ ಏನೂ ಬೆರೆಸುವುದಿಲ್ಲ, ಒಳಗೆ ಬರೀ ನೀರು. ಇಳಿಸದೆ ಬಿಟ್ಟರೆ ಚಳಿಗೆ ಹೆಪ್ಪುಗಟ್ಟಿ ಎರಕದ ಕಬ್ಬಿಣವನ್ನೇ ಸೀಳುತ್ತದೆ.

ಇಷ್ಟು ವರ್ಷ ನೀರು ಇಳಿಸುವ ಮುಂದಿನ ನಲ್ಲಿ, ಹಿಂದಿನ ನಲ್ಲಿ, ಎರಡೂ ಗೆಳೆಯ ಕ್ಲೆಮ್‌ನವೇ. ಈ ಸಲ ಅವನಿಗೆ ಮಂಡಿನೋವು. "ಲೋ ನಾರ್ಬ್, ಹಿಂದಿಂದು ನೀನು ನೋಡ್ಕೋ. ನಾನು ಕೆಳಗೆ ನುಗ್ಗಿದ್ರೆ ಎಳೆಯೋಕೆ ಇನ್ನೊಂದು ಎಂಜಿನ್ ತರ್ಬೇಕಾಗುತ್ತೆ" ಅಂದ.

ನುಗ್ಗಿದೆ. ನೀರು ಒಂದಷ್ಟು ಬಂತು, ನಿಂತುಹೋಯಿತು. ತುಕ್ಕು ಕಟ್ಟಿಕೊಂಡರೆ ಹಾಗಾಗುತ್ತದೆ, ತಂತಿ ಹಾಕಿ ಚುಚ್ಚಬೇಕು. ತಂತಿ ಶೆಡ್ಡಿನ ಆ ತುದಿಯಲ್ಲಿ. ಹೊರಗೆ ಆಲಿಕಲ್ಲು. ಟೀವಿಯಲ್ಲಿ ಫುಟ್‌ಬಾಲ್ ಶುರುವಾಗುವ ಹೊತ್ತು.

"ಹಿಂದೆ ಖಾಲಿ ಆಯ್ತೇನೋ?" ಕ್ಲೆಮ್ ಕೂಗಿದ.

ಆಯ್ತು ಅಂದೆ. ಆಗಿರುತ್ತದೆ ಬಿಡು. ನಮ್ಮವರು ಸೋತರು.

ಜನವರಿ 17

ಸರೋವರದ ಕಡೆಯಿಂದ ಹಿಮ. ಕಾರು ಹೂತುಹೋಗಿದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಇದ್ದಕ್ಕಿದ್ದಂತೆ ಆ ನಲ್ಲಿ ನೆನಪಾಯಿತು. ಇಂಥ ಚಳಿಯಲ್ಲಿ ಈಗ ಹೋಗಿ ಮಾಡುವುದಾದರೂ ಏನು...

ಏಪ್ರಿಲ್ 6, ಶನಿವಾರ

ಒಡೆದಿದೆ.

ಪೈಪು ಹಚ್ಚಿ ನೀರು ತುಂಬಿಸುತ್ತಿದ್ದೆವು. ಹಿಂಭಾಗದಲ್ಲಿ ಧಾರೆ. ಎರಕದ ಬ್ಲಾಕಿನ ಉದ್ದಕ್ಕೂ ಬಿರುಕು, ಬೆರಳಿನ ಉಗುರು ಇಳಿಯುವಷ್ಟು. ಆ ಮಂಡಿಯಲ್ಲೇ ಕ್ಲೆಮ್ ಕೆಳಗೆ ಕೂತ. ಉಕ್ಕಿನ ಕಾರ್ಖಾನೆಯ ಯಾರ್ಡಿನಲ್ಲಿ ಮೂವತ್ತು ವರ್ಷ ಇದೇ ಎಂಜಿನ್ ಓಡಿಸಿದವನು. ಗುಜರಿಗೆ ಹೊರಟಿದ್ದನ್ನು ತಡೆದು ಮ್ಯೂಸಿಯಂಗೆ ತಂದವನೂ ಅವನೇ. ಬಿರುಕಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದ.

"ನಾನೇ ಕಣ್ರೋ. ಈ ನಲ್ಲಿ ಯಾವತ್ತೂ ನಂದೇ. ಮರೆತಿದೀನಿ."

ನನಗೆ ಬಿಟ್ಟಿದ್ದೇ ಅವನಿಗೆ ನೆನಪಿಲ್ಲ! ಬಾಯಿ ತೆರೆದೆ. ನೀರು ನಿಲ್ಲಿಸಲು ಹೋದೆ.

ಏಪ್ರಿಲ್ 13

ಮ್ಯೂಸಿಯಂ ಸಭೆ. ಅಧ್ಯಕ್ಷ ಜೆರಾಲ್ಡ್ ಹಲ್ಲಿನ ಡಾಕ್ಟರು, ಕೀಳುವ ಮುಂಚೆ ಬೆನ್ನು ಸವರುವ ಜಾತಿ. ನಮ್ಮದೇ ಎಸ್-2 ಮಾದರಿಯ ಎಂಜಿನ್ ಇಟ್ಟುಕೊಂಡಿರುವ ಬೇರೆ ಮ್ಯೂಸಿಯಂಗಳಿಗೆಲ್ಲ ಫೋನ್ ಮಾಡಿದ್ದಾನೆ. ಬಿಡಿಭಾಗ ಕೊಡುವವರಿಲ್ಲ. ಅವರದ್ದೂ ಎಷ್ಟೋ ನಿಂತಲ್ಲೇ ನಿಂತಿವೆ, ಬಣ್ಣ ಬಳಿದ ಬೊಂಬೆಗಳು. ನಮ್ಮದು ಓಡುತ್ತಿತ್ತು.

"ಯಾರನ್ನೂ ದೂರ್ತಿಲ್ಲ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನಾನು ಕಾಲರ್ ಸರಿಮಾಡಿಕೊಂಡೆ. ಎಲ್ಲರ ಕಣ್ಣು ಕ್ಲೆಮ್ ಮೇಲೆ.

ಕ್ಲೆಮ್ ಎದ್ದ. ಜೇಬಿನಿಂದ ಎಂಜಿನ್ನಿನ ಹಿಡಿಕೆ ತೆಗೆದ. ಅದಿಲ್ಲದೆ ಗಾಡಿ ಮುಂದೂ ಹೋಗದು, ಹಿಂದೂ ಹೋಗದು. ಡ್ರೈವರು ಜೊತೆಯಲ್ಲೇ ಇಟ್ಟುಕೊಳ್ಳುವ ವಸ್ತು. ತಂದು ನನ್ನ ಕೈಗೆ ಇಟ್ಟ.

"ಇನ್ಮೇಲೆ ನೀನೇ ಡ್ರೈವರು. ಓಡೋ ಕಾಲ ಬಂದ್ರೆ."

ತೆಗೆದುಕೊಂಡೆ. ಥೂ ನನ್ನ ಜನ್ಮಕ್ಕೆ! ತೆಗೆದುಕೊಂಡೆ.

ಮೇ 5, ಭಾನುವಾರ

ಐರಿನ್ ಫೋನ್. ಕ್ಲೆಮ್‌ನ ಹೆಂಡತಿ ಅಳುವವಳಲ್ಲ. ಇವತ್ತು ಅತ್ತಳು.

"ಪರೀಕ್ಷೆ ಮಾಡ್ಸಿದ್ವಿ ನಾರ್ಬ್. ವಯಸ್ಸಿಗೆ ತಕ್ಕ ಮರೆವು, ಅಷ್ಟೇ ಅಂದ್ರು ಡಾಕ್ಟರು. ಇವರು ಕೇಳ್ಬೇಕಲ್ಲ! ಡಾಕ್ಟರಿಗೇನು ಗೊತ್ತು, ಕಬ್ಬಿಣ ಸುಳ್ಳು ಹೇಳುತ್ತಾ ಅಂತಾರೆ. ಕಾರಿನ ಕೀ ನನಗೇ ಕೊಟ್ಬಿಟ್ರು. ಮೊಮ್ಮಗು ಬಂದಿತ್ತು. ಎತ್ಕೊಳ್ಳಲಿಲ್ಲ. ಎಲ್ಲಿ ಇಟ್ಟು ಮರೀತೀನೋ ಅಂತ ಹೆದರ್ತಾರೆ. ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ."

ಹೇಳ್ತೀನಿ ಅಂದೆ.

ಯಾಕೆ ಬಾಯಿ ಬಿಡಲಿಲ್ಲ ಇಷ್ಟು ದಿನ? ಹೆದರಿಕೆ, ಮತ್ತೇನು. ನಲವತ್ತು ವರ್ಷ ಅಂಗಡಿಯಲ್ಲಿ ಮೊಳೆ ತೂಗಿದವನು ನಾನು. ರೈಲಿನವನಾಗಿದ್ದು ಆ ಶೆಡ್ಡಿನಲ್ಲಿ ಮಾತ್ರ. ಅದೂ ಕ್ಲೆಮ್ ಕರೆದದ್ದರಿಂದ. ಹೇಳಿದರೆ ಒಳಗೆ ಬಿಡುವವರಾರು ಅನ್ನಿಸಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವನು ಅವನು.

ಮೇ 11

ಅವನ ಮನೆ ಬೀದಿಯವರೆಗೂ ಹೋದೆ. ಬೇಕರಿಯಿಂದ ಪೋಲಿಷ್ ಬನ್ನು ಕೊಂಡಿದ್ದೆ. ಕಾರಿನಲ್ಲೇ ಕೂತು ಎಲ್ಲ ನಾನೇ ತಿಂದು ವಾಪಸು ಬಂದೆ. ಹೇಡಿ.

ಮೇ 18, ಶನಿವಾರ

ಹೇಳಿದೆ. ಕ್ಲೆಮ್ ಹಿತ್ತಿಲಲ್ಲಿ ಟೊಮೇಟೊ ಸಸಿ ನೆಡುತ್ತಿದ್ದ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೇ ಉಸಿರಿಗೆ ಹೇಳಿದೆ. ಹಿಂದಿನ ನಲ್ಲಿ ನೀನು ನನಗೆ ಬಿಟ್ಟಿದ್ದೆ, ತುಕ್ಕು ಕಟ್ಟಿತ್ತು, ಚುಚ್ಚಲಿಲ್ಲ, ಆಯ್ತು ಅಂತ ಸುಳ್ಳು ಕೂಗಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಹೊಡೆದರೂ ಸರಿ ಅಂತ ಹೋಗಿದ್ದೆ.

ಮಣ್ಣಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡ. ಕಣ್ಣು ಒದ್ದೆ.

"ಐರಿನ್ ಹೇಳ್ಕೊಟ್ಳೇನೋ ಇದನ್ನ?"

"ಇಲ್ಲ ಕಣೋ. ದೇವರಾಣೆ ನಿಜ."

"ನಾನೇ ಮಲಗಿದ್ದೆ ಅಲ್ಲಿ. ಬೆನ್ನಿಗೆ ತಣ್ಣಗೆ ಹತ್ತಿದ್ದು ಈಗಲೂ ನೆನಪಿದೆ. ಬೇರೆ ಏನು ಮರೆತ್ರೂ ಅದನ್ನ ಮರೆತಿಲ್ಲ."

"ಕ್ಲೆಮ್, ನಾನು ಹೇಳೋದು ಕೇಳು—"

"ನಿಜ ಆಗಿದ್ರೆ ನೀನು ಅವತ್ತೇ ಹೇಳ್ತಿದ್ದೆ. ನನ್ನನ್ನ ಹೀಗೆ ಒದ್ದಾಡೋಕೆ ಬಿಡ್ತಿದ್ಯಾ? ನೀನು ಅಂಥವನಲ್ಲ ಕಣೋ."

ಐರಿನ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು, ನನಗೆ ಕಾಫಿ ಹಿಡಿದು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ನಂಬಿದ್ದಳು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಾಫಿಯನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡಳು.

ಕ್ಲೆಮ್ ಮಾತ್ರ ಕಾರಿನವರೆಗೂ ಬಂದ. ಭುಜ ತಟ್ಟಿದ. "ನಿನ್ನಂಥ ಗೆಳೆಯನ ಹೆಸರಾದ್ರೂ ಕೊನೆವರೆಗೂ ನೆನಪಿರ್ಲಿ ಅಂತ ಬೇಡ್ಕೋತೀನಿ" ಅಂದ. ಅವನು ಕೊಟ್ಟ ಹಿಡಿಕೆಯನ್ನು ಜೇಬಿನಲ್ಲಿಟ್ಟುಕೊಂಡೇ ಕಾರು ಹತ್ತಿದೆ.