ಸರಾಸರಿಗೆ ಅಡ್ಡ ಬಂದವರು

ಮಾರ್ಚ್ 9, 2018. ಶುಕ್ರವಾರ

ಮತ್ತೆ ಇಬ್ಬರು ಕಾರ್ಡ್ ಪಂಚ್ ಮಾಡಿಲ್ಲ. ಮತ್ತೆ ನಾನೇ ವೆಲ್ಡಿಂಗ್ ಶೆಡ್ಡಿಗೆ ಹೋಗಿ ಕೇಳಬೇಕು. ಮೊಣಕಾಲು ಹಿಡ್ಕೊಂಡಿದೆ. ಇಪ್ಪತ್ತಮೂರು ವರ್ಷದಿಂದ ಇದೇ ಹಾಜರಿ, ಇದೇ ಸಂಬಳದ ಲೆಕ್ಕ, ಇದೇ ತಣ್ಣಗಾದ ಕಾಫಿ.

ಹತ್ತು ಗಂಟೆಗೆ ಉಕ್ಕಿನ ತಗಡು ಕೊಡೋನ ಫೋನು. ಹೇಳಿದ್ದ ರೇಟು ಸೋಮವಾರದ ತನಕ ಮಾತ್ರವಂತೆ. ನಿನ್ನೆ ವಾಷಿಂಗ್ಟನ್ನಿನಲ್ಲಿ ಹೊರದೇಶದ ಉಕ್ಕಿಗೆ ಸುಂಕ ಹಾಕಿದಾರಲ್ಲ, ಅದಕ್ಕೆ.

"ನಾವು ತಗೊಳ್ಳೋದು ಇಲ್ಲೇ ಇಂಡಿಯಾನಾ ರಾಜ್ಯದ ಉಕ್ಕು ಕಣಯ್ಯಾ, ಹೊರದೇಶದ್ದಲ್ಲ" ಅಂದೆ.

"ಗೊತ್ತಮ್ಮಾ. ಹೊರಗಿನದು ದುಬಾರಿ ಆದ್ಮೇಲೆ ಒಳಗಿನೋರು ಸುಮ್ನಿರ್ತಾರಾ?"

ನಮ್ಮನ್ನ ಕಾಪಾಡೋಕೆ ಹಾಕಿದ ಸುಂಕ ಅಂತೆ ಇದು. ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಾಗಾಯ್ತು.

ಗ್ಯಾರೆಟ್‌ಗೆ ಹೇಳಿದೆ. ಮುಖ ಸಪ್ಪಗಾಯ್ತು. ಈಗ ನಮ್ಮ ಧಣಿ. ಅವರಪ್ಪ ಧಣಿ ಆಗಿದ್ದಾಗ, ಹತ್ತು ವರ್ಷದ ಹುಡುಗ, ನನ್ನ ಮೇಜಿನ ಕೆಳಗೆ ಆಟದ ಕಾರು ಓಡಿಸ್ತಿದ್ದ. "ಒಲೆ ರೇಟು ಏರಿಸಿದ್ರೆ ಅಂಗಡಿಯೋರು ಚೀನಾ ಒಲೆ ತಂದಿಡ್ತಾರೆ ರೋಸಲೀ. ಸುಂಕ ಬರೀ ಉಕ್ಕಿಗೆ. ಮಾಡಿ ತಂದ ಒಲೆಗೆ ಇಲ್ಲ." ಬಾರ್ಬೆಕ್ಯೂ ಒಲೆ ಮಾಡೋ ನಾವು ಸುಂಕದ ಉಕ್ಕು ಕೊಂಡು, ಸುಂಕ ಇಲ್ಲದ ಒಲೆ ಜೊತೆ ಜಗಳ ಆಡಬೇಕು. ಅಯ್ಯೋ ಕರ್ಮವೇ.

ಸಂಜೆ ಚರ್ಚಿನಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರ, ಮಾಂಸದ ಬದಲು ಮೀನೂಟ. ಸಾಲು ಉದ್ದ ಇತ್ತು. ವಾಪಸ್ ಬಂದೆ.

ಮಾರ್ಚ್ 27. ಮಂಗಳವಾರ

ಕ್ಯಾನ್ಸಸ್ ರಾಜ್ಯ ಸರ್ಕಾರದ ಕಡೆಯಿಂದ ಇಬ್ಬರು ಬಂದಿದ್ರು. ಕೋಟಿನ ಮೇಲೆ ಅವರ ರಾಜ್ಯದ ಹೂವು, ಸೂರ್ಯಕಾಂತಿ ಪಿನ್ನು. ಫ್ಯಾಕ್ಟರಿ ಇರೋದು ಮಿಸೌರಿಯಲ್ಲಿ. ನಮ್ಮೂರಲ್ಲಿ ಗಡಿ ಅಂದ್ರೆ ಒಂದು ರಸ್ತೆ, ಈ ಫುಟ್‌ಪಾತು ಮಿಸೌರಿ, ಆ ಫುಟ್‌ಪಾತು ಕ್ಯಾನ್ಸಸ್. ನಾನು ಮಲಗೋದು ಆ ಕಡೆ, ದುಡಿಯೋದು ಈ ಕಡೆ.

ಅವರು ಹೇಳಿದ್ದಿಷ್ಟು — ಗಡಿ ದಾಟಿ ಲೆನೆಕ್ಸಾಕ್ಕೆ ಬನ್ನಿ. ಕೆಲಸದವರ ಸಂಬಳದಲ್ಲಿ ಹಿಡಿಯೋ ರಾಜ್ಯದ ತೆರಿಗೆ ನಮಗೆ ಕಟ್ಟಬೇಡಿ, ಬಹುಪಾಲು ನೀವೇ ಇಟ್ಕೊಳ್ಳಿ. ಏಳು ವರ್ಷ.

ಅಂದ್ರೆ ವೆಲ್ಡರ್ ಸಂಬಳದ ಚೀಟಿಯಲ್ಲಿ 'ರಾಜ್ಯ ತೆರಿಗೆ' ಅಂತ ಕಡಿತ ಇರುತ್ತೆ. ಹೋಗೋದು ಗ್ಯಾರೆಟ್ ಜೇಬಿಗೆ. ನಾಲ್ಕು ಸಲ ಕೇಳಿದೆ, ಹೌದು ಅಂದ್ರು. ನಗ್ತಾನೇ ಹೇಳಿದ್ರು.

"ಅಲ್ಲಿ ಹೊಸದಾಗಿ ಏನು ಮಾಡ್ತೀವಿ?" ಕೇಳಿದೆ.

"ಏನೂ ಬೇಡಮ್ಮಾ. ಇದೇ ಕೆಲಸ. ನಮ್ಮ ಲೆಕ್ಕಕ್ಕೆ ಹೊಸದು, ಅಷ್ಟೇ."

ಏಪ್ರಿಲ್ 4

ಮಿಸೌರಿಯವನೂ ಬಂದ. "ಅವರೇನು ಕೊಡ್ತಾರೆ ತೋರಿಸಿ, ನಾವೂ ನೋಡ್ತೀವಿ" ಅಂದ. ಹೆಣ್ಣು ನೋಡೋಕೆ ಎರಡು ಕಡೆ ಬೀಗರು ಬಂದ ಹಾಗಿದೆ. ಕೊನೆಗೆ ಇವನ ಕೈಲಿ ಅಷ್ಟು ಕೊಡೋಕಾಗಲ್ವಂತೆ. ನಮ್ಮ ಡೋನಟ್ ತಿಂದು ಹೋದ.

ಏಪ್ರಿಲ್ 19. ಗುರುವಾರ

ಇವತ್ತು ವಿಷಯ ಗೊತ್ತಾಯ್ತು. ಕ್ಯಾನ್ಸಸ್ಸಿನವರದು ಒಂದು ಷರತ್ತು. ಕೆಲಸದವರ ಸರಾಸರಿ ಸಂಬಳ ಲೆನೆಕ್ಸಾ ಇರೋ ಕೌಂಟಿಯ, ಅಂದ್ರೆ ಆ ಜಿಲ್ಲೆಯ, ಮಟ್ಟಕ್ಕೆ ಮುಟ್ಟಬೇಕು. ದುಡ್ಡಿರೋರ ಕೌಂಟಿ ಅದು. ನಾವು ಮುಟ್ಟಲ್ಲ. ಯಾಕೆ ಮುಟ್ಟಲ್ಲ ಅಂದ್ರೆ, ಪ್ಯಾಕಿಂಗ್ ಸಾಲಿನ ಹನ್ನೆರಡು ಜನ ಹೆಂಗಸರು. ಎಲ್ಲರಿಗಿಂತ ಕಡಿಮೆ ಸಂಬಳ ಅವರಿಗೇ.

ನಮ್ಮ ಕಂಪನಿ ಲಾಯರ್ ಕಾಲಿನ ಮೇಲೆ ಕಾಲು ಹಾಕಿ ಹೇಳಿದ: "ಅವರನ್ನ ಕಂಟ್ರಾಕ್ಟ್ ಏಜೆನ್ಸಿಗೆ ದಾಟಿಸಿ. ಅದೇ ಜನ, ಅದೇ ಕೆಲಸ. ನಿಮ್ಮ ಪಟ್ಟೀಲಿ ಇರಲ್ಲ, ಸರಾಸರೀಲೂ ಇರಲ್ಲ."

"ಆರೋಗ್ಯ ವಿಮೆ?" ಅಂದೆ.

"ಅದು ಏಜೆನ್ಸಿಗೆ ಬಿಟ್ಟದ್ದು."

ಅಂದ್ರೆ ಇಲ್ಲ.

ಗ್ಯಾರೆಟ್ ನನ್ನ ಮುಖ ನೋಡಲಿಲ್ಲ. "ಪಟ್ಟಿ ನೀನೇ ಮಾಡು ರೋಸಲೀ. ನಿಂಗೆ ಎಲ್ಲರೂ ಗೊತ್ತು. ಎಷ್ಟು ಕಡಿಮೆ ಜನ ಆಗುತ್ತೋ ನೋಡು."

ಗೊತ್ತಿದೆ ಅನ್ನೋದೇ ತಪ್ಪಾಯ್ತು.

ಮೇ 2. ಬುಧವಾರ

ಹನ್ನೊಂದು ಹೆಸರು ತೆಗೆದರೆ ಹೆಚ್ಚೂಕಮ್ಮಿ ಮುಟ್ಟುತ್ತೆ. ಒಂದೊಂದೇ ಕಾಟು ಹಾಕಿದೆ. ಹನ್ನೆರಡನೆಯದು ವರ್ಡೆಲ್. ಅವಳನ್ನ ಉಳಿಸಿದರೆ ಸರಾಸರಿ ಗಂಟೆಗೆ ಒಂಬತ್ತು ಸೆಂಟು ಕಡಿಮೆ ಬೀಳುತ್ತೆ. ಮೂರು ಸಲ ಮಾಡಿದೆ. ಒಂಬತ್ತೇ.

ವರ್ಡೆಲ್ ಕೂಂಬ್ಸ್ ಇಪ್ಪತ್ತಾರು ವರ್ಷದಿಂದ ಇಲ್ಲಿದಾಳೆ. ನಾನು ಸೇರಿದ ವಾರ ಊಟಕ್ಕೆ ಕೂರೋಕೆ ಜಾಗ ಮಾಡಿಕೊಟ್ಟೋಳು. ಗಂಡ ಕ್ಲಿಫ್ಟನ್‌ಗೆ ಹೃದಯದ ಕಾಯಿಲೆ. ಮಾತ್ರೆಯೆಲ್ಲಾ ಇವಳ ಫ್ಯಾಕ್ಟರಿ ವಿಮೆ ಮೇಲೆ. ಅವನಿಗೆ ಅರವತ್ತೈದಾದರೆ ಸರ್ಕಾರದ ವಿಮೆ ಬರುತ್ತೆ. ಇನ್ನೂ ಎರಡು ವರ್ಷ ಇದೆ. ಎರಡು ವರ್ಷ ಅವಳ ಹೆಸರು ನಮ್ಮ ಪಟ್ಟೀಲಿ ಇದ್ರೆ ಸಾಕು.

ಗ್ಯಾರೆಟ್ ಹತ್ರ ಹೋದೆ. "ವರ್ಡೆಲ್‌ಗೆ ಸಂಬಳ ಏರಿಸು. ಸರಾಸರಿ ತಾನೇ ಸರಿ ಹೋಗುತ್ತೆ."

"ಈ ಉಕ್ಕಿನ ರೇಟಲ್ಲಾ? ತಮಾಷೆ ಮಾಡ್ತೀಯಾ? ಒಬ್ಬಳಿಗೆ ಕೊಟ್ರೆ ಇಡೀ ಶೆಡ್ಡು ಬಂದು ನಿಲ್ಲುತ್ತೆ."

"ನಿಮ್ಮಪ್ಪ ಇದ್ದಿದ್ರೆ—"

"ಅಪ್ಪನ ಕಾಲದಲ್ಲಿ ತಗಡಿಗೆ ಈ ರೇಟಿತ್ತಾ ರೋಸಲೀ?"

ಪಟ್ಟಿ ತಗೊಂಡು ಈಚೆ ಬಂದೆ. ಅವನೇನು ಕೆಟ್ಟವನಲ್ಲ. ರಾತ್ರಿ ನಿದ್ದೆ ಮಾಡ್ತಿಲ್ಲ ಅಂತ ಕಣ್ಣು ಹೇಳುತ್ತೆ. ಆದ್ರೂ ಸಿಟ್ಟು ಬಂತು.

ಮೇ 11. ಶುಕ್ರವಾರ

ಲಾರಿ ತುಂಬೋ ಕಟ್ಟೆ ಮೇಲೆ ವರ್ಡೆಲ್ ಜೊತೆ ಊಟ. ಬ್ರಿಸ್ಕೆಟ್ಟಿನ, ಅದೇ ದನದ ಎದೆಮಾಂಸದ, ಸುಟ್ಟ ತುದಿ ಫಾಯಿಲಲ್ಲಿ ಕಟ್ಕೊಂಡು ಬಂದಿದ್ಲು. ಕ್ಲಿಫ್ಟನ್ ಹೊಗೇಲಿ ಬೇಯಿಸಿದ್ದಂತೆ. ಡಾಕ್ಟರು ಅವನಿಗೆ ತಿನ್ನಬೇಡ ಅಂದಿದಾರೆ, ಮಾಡಬೇಡ ಅಂದಿಲ್ಲವಂತೆ.

"ನಿಮ್ಮ ಕ್ಯಾನ್ಸಸ್ಸಿಗೆ ಹೋಗ್ತೀವಂತಲ್ಲ ರೋಸೀ. ನಿಂಗೇನಮ್ಮಾ, ಮನೆ ಪಕ್ಕಕ್ಕೇ ಆಯ್ತು."

"ಪಕ್ಕ ಏನಲ್ಲ ಬಿಡೇ."

"ಅಲ್ಲಿ ಅಂಗಡಿ ಬಿಯರಲ್ಲಿ ಮುಖ ತೊಳೀಬಹುದು, ಅಷ್ಟು ನೀರು. ಅಂಥ ರಾಜ್ಯಕ್ಕೆ ಕರ್ಕೊಂಡು ಹೋಗ್ತಿದೀರಲ್ಲೇ, ಪಾಪ ತಟ್ಟುತ್ತೆ ನಿಮಗೆ!" ಅಂತ ನಕ್ಕಳು. ಆಮೇಲೆ ಕಾಗದದಲ್ಲಿ ಕೈ ಒರೆಸ್ಕೊಂಡು ಮೆಲ್ಲಗೆ ಕೇಳಿದ್ಲು. "ನಮ್ಮ ಸಾಲೂ ಬರುತ್ತೆ ತಾನೇ? ಬಸ್ಸು ಹೆಂಗೋ ನೋಡ್ಕೋತೀನಿ. ವಿಮೆ ಒಂದು ಇದ್ರೆ ಸಾಕು."

"ಎಲ್ಲರೂ ಬರ್ತೀವಿ ಕಣೇ" ಅಂದೆ.

ಹಂಗೆ ಯಾಕೆ ಅಂದೆ? ಬಾಯಿ ತಾನಾಗೇ ಅಂತು. ಇನ್ನೊಂದು ತುಂಡು ತಿನ್ನು ಅಂತ ಕೊಟ್ಟಳು. ತಿಂದೆ.

ಜೂನ್ 8

ಪಟ್ಟಿ ಕೊಟ್ಟೆ. ಹನ್ನೆರಡು ಹೆಸರು.

ನಾನು ಮಾಡದಿದ್ರೆ ಲಾಯರ್ ಮಾಡ್ತಿದ್ದ. ನಿಜ. ಇನ್ನೊಂದೂ ನಿಜ, ಇಲ್ಲಿ ಬರೀದೆ ಇನ್ನೆಲ್ಲಿ ಬರೀಲಿ — ಈ ಊರಲ್ಲಿ ದುಡಿದರೆ ಮಿಸೌರಿ ಕಡೆ ನಗರಕ್ಕೆ ನೂರಕ್ಕೊಂದು ತೆರಿಗೆ ಕಟ್ಟಬೇಕು. ಲೆನೆಕ್ಸಾಕ್ಕೆ ಹೋದ್ರೆ ನನಗೆ ಅದು ಉಳಿಯುತ್ತೆ. ಗೊತ್ತಾದ ದಿನವೇ ಖುಷಿಪಟ್ಟಿದ್ದೆ. ಥೂ.

ಜುಲೈ 16. ಸೋಮವಾರ

ಏಜೆನ್ಸಿಗೆ ದಾಟಿಸೋ ನೋಟೀಸಿನ ಲಕೋಟೆ ಹಂಚಿದ್ದು ಇವತ್ತು. ಹೆಸರು ಬರೆದದ್ದು ನಾನು, ಪ್ರಿಂಟರ್ ಕೆಟ್ಟಿತ್ತು. ಗ್ಯಾರೆಟ್ ಡೆಂಟಿಸ್ಟ್ ಹತ್ರ ಹೋಗಿದ್ದ. ಪ್ರತಿ ಸಲ ಕಷ್ಟದ ದಿನ ಬಂದ್ರೆ ಅವನಿಗೆ ಹಲ್ಲು ನೋವು.

ಕಿರಿಯ ಹುಡುಗಿ ಒಬ್ಬಳು ಅತ್ತಳು. ಇನ್ನೊಬ್ಬಳು ಲಕೋಟೆ ಹರಿದು ನನ್ನ ಮೇಜಿನ ಮೇಲೆ ಹಾಕಿದಳು. ವರ್ಡೆಲ್ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದಳು. ಎರಡು ಪುಟ. ಮಡಚಿ ಚೀಲಕ್ಕೆ ಹಾಕ್ಕೊಂಡಳು.

"ಮೇ ತಿಂಗಳಲ್ಲೇ ಗೊತ್ತಿತ್ತಾ ನಿಂಗೆ?"

ಮೇಜಿನ ಮೇಲಿದ್ದ ಲಕೋಟೆ ಚೂರು ಒಟ್ಟು ಮಾಡೋಕೆ ಹೋದೆ.

"ಗೊತ್ತಿತ್ತು. ಕ್ಲಿಫ್ಟನ್ ಮಾಡಿದ್ದು ತಿಂತಾ ಕೂತು, ಎಲ್ಲರೂ ಬರ್ತೀವಿ ಅಂದೆ."

"ವರ್ಡೆಲ್, ಒಂಬತ್ತೇ ಸೆಂಟು ಕಣೇ. ನಾನು ಹೋಗಿ ಕೇಳಿದೆ. ನಿಂಗೆ ಸಂಬಳ ಏರಿಸು ಅಂತ—"

"ಮೇನಲ್ಲೇ ಹೇಳಿದ್ರೆ ಎರಡು ತಿಂಗಳು ಮೊದಲು ಬೇರೆ ಕಡೆ ಕೆಲಸ ಹುಡುಕ್ತಿದ್ದೆ. ವಿಮೆ ಇರೋ ಕಡೆ. ಅಷ್ಟು ಹೇಳೋಕೆ ಏನಾಗಿತ್ತು ನಿಂಗೆ?" ಕೂಗಾಡಲಿಲ್ಲ. ಸುಸ್ತಾಗಿ ಕೇಳಿದಳು. "ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಧಣಿ ಅಂದ್ಮೇಲೆ ಧಣಿ ಹಂಗೇ ಇರ್ತಾನೆ. ನೀನು ಯಾರು ರೋಸೀ?"

ಇಡೀ ದಿನ ಅದೇ ಪ್ರಶ್ನೆ ಕಿವೀಲಿ.

ಆಗಸ್ಟ್ 29. ಬುಧವಾರ

ಲೆನೆಕ್ಸಾ. ಹೊಸ ಶೆಡ್ಡು, ಬಣ್ಣದ ವಾಸನೆ. ರಿಬ್ಬನ್ನು ಕತ್ತರಿಸಿದರು. ಕತ್ತರಿ ಆಳೆತ್ತರ. ಸೂರ್ಯಕಾಂತಿ ಪಿನ್ನಿನವನು ಮೈಕಿನಲ್ಲಿ "ಅರವತ್ತಾರು ಹೊಸ ಉದ್ಯೋಗ!" ಅಂದ. ನಮ್ಮ ಅರವತ್ತಾರು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಚಪ್ಪಾಳೆ ಹೊಡೆದ್ವಿ. ಪೇಪರಿನ ಹುಡುಗಿ ಬಂದು "ಹೊಸ ಕೆಲಸ ಹೇಗಿದೆ ಮೇಡಂ?" ಅಂತ ಕೇಳಿದ್ಲು. "ಇನ್ನೂ ಕಲೀತಾ ಇದೀನಿ" ಅಂದೆ. ಬರ್ಕೊಂಡಳು.

ವರ್ಡೆಲ್ ಏಜೆನ್ಸಿ ಕಡೆಯಿಂದ ನಾಲ್ಕು ದಿನ ಬಂದಿದ್ಲು ಕಳೆದ ವಾರ. ಎರಡು ಬಸ್ಸು, ಆಮೇಲೆ ನಲವತ್ತು ನಿಮಿಷ ನಡಿಗೆ. ಫುಟ್‌ಪಾತೂ ಇಲ್ಲ ಆ ರಸ್ತೇಲಿ. ಕಾರಿನಲ್ಲಿ ಹೋಗ್ತಾ ನೋಡಿದೆ, ನಿಲ್ಲಿಸಿದೆ. "ಬಾರೇ, ಹತ್ಕೋ" ಅಂದೆ. "ಗಾಳಿ ಚೆನ್ನಾಗಿದೆ, ನಡೀತೀನಿ" ಅಂದಳು. ನೆತ್ತಿ ಸುಡೋ ಬಿಸಿಲು. ನಾಲ್ಕನೇ ದಿನ ಬಸ್ಸು ತಪ್ಪಿ ತಡ ಆಯ್ತು. ಐದನೇ ದಿನ ಕೆಲಸಕ್ಕೆ ಬಾ ಅಂತ ಏಜೆನ್ಸಿಯವರು ಫೋನೇ ಮಾಡಲಿಲ್ಲವಂತೆ. ಹನ್ನೆರಡರಲ್ಲಿ ಉಳಿದದ್ದು ಮೂರೇ ಜನ, ಸ್ವಂತ ಕಾರಿರೋರು.

ಸೆಪ್ಟೆಂಬರ್ 12. ಬುಧವಾರ

ಮಿಸೌರಿಯ ಕಾರ್ಮಿಕ ಇಲಾಖೆಯಿಂದ ಫಾರಂ ಬಂದಿದೆ. ಕೆಲಸ ಹೋದವರ ಭತ್ಯೆಗೆ ಅರ್ಜಿ: ವರ್ಡೆಲ್ ಕೂಂಬ್ಸ್. ನಾವು ಉತ್ತರ ಕೊಡಬೇಕು. ತಾನಾಗಿ ಬಿಟ್ಟರೇ? ಬಿಡಿಸಲಾಯಿತೇ? ತಾನಾಗಿ ಬಿಟ್ಟೋರಿಗೆ ಭತ್ಯೆ ಇಲ್ಲ. ಕೆಳಗೆ ಕಾರಣ ಬರೆಯೋಕೆ ನಾಲ್ಕು ಗೆರೆ ಜಾಗ.

ಗ್ಯಾರೆಟ್: "ತಾನಾಗಿ ಅಂತ ಟಿಕ್ ಹಾಕು. ಕೆಲಸ ಇತ್ತು, ಬರಲಿಲ್ಲ."

"ಬರೋಕೆ ಬಸ್ಸಿಲ್ಲ."

"ಬಸ್ಸು ಓಡಿಸೋನು ನಾನಲ್ಲ. ಬಿಡಿಸಿದ್ವಿ ಅಂತ ಬರೆದ್ರೆ ಈ ಭತ್ಯೆಗೆ ಅಂತ ನಾವು ಕಟ್ಟೋ ತೆರಿಗೆ ಬೇರೆ ಏರುತ್ತೆ, ಇವಳಾದ್ಮೇಲೆ ಇನ್ನೆಂಟು ಜನ ಕ್ಯೂ ನಿಲ್ತಾರೆ. ಬಂದ ಅನುಕೂಲ ಎಲ್ಲಾ ತಗಡಿಗೇ ಹೋಯ್ತು ರೋಸಲೀ. ಅರವತ್ತಾರು ಜನರ ಅನ್ನ ನೋಡು. ಅದರಲ್ಲಿ ನೀನೂ ಇದೀಯ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಎರಡು ರಾಜ್ಯ, ಮೇಲೊಂದು ವಾಷಿಂಗ್ಟನ್ನು. ಬೈಯೋಕೆ ಯಾರೂ ಕೈಗೆ ಸಿಗಲ್ಲ. ಸಿಗೋದು ಈ ಫಾರಂ ಒಂದೇ.

ಉತ್ತರ ಶುಕ್ರವಾರದೊಳಗೆ ಕೊಡಬೇಕು.

ಸೆಪ್ಟೆಂಬರ್ 14. ಶುಕ್ರವಾರ, ಮಧ್ಯಾಹ್ನ 2

ಊಟದ ಹೊತ್ತಲ್ಲಿ ವರ್ಡೆಲ್‌ಗೆ ಫೋನ್ ಮಾಡಿದೆ. ಎತ್ತಲ್ಲ ಅಂದ್ಕೊಂಡಿದ್ದೆ, ಎತ್ತಿದಳು.

"ಕ್ಲಿಫ್ಟನ್ ಹೇಗಿದಾನೆ?"

"ಮಾತ್ರೆ ಅರ್ಧ ಮಾಡಿ ತಗೋತಾನೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾನೆ. ಚಾಕು ತೊಳೆಯೋಳು ನಾನು ತಾನೇ." ಆಮೇಲೆ, "ಫಾರಂ ನಿನ್ನ ಹತ್ರಾನೇ ಬಂದಿರುತ್ತೆ ಅಲ್ವಾ?"

"ಹೂಂ."

"ನಾನೇನೂ ಕೇಳಲ್ಲ ಬಿಡು" ಅಂದು ಇಟ್ಟಳು.

ಬೈದಿದ್ರೆ ಚೆನ್ನಾಗಿತ್ತು.

ಅದೇ ದಿನ, 4.10

ಬರೆದೆ. 'ಬಿಡಿಸಲಾಯಿತು' ಅಂತ ಟಿಕ್ ಹಾಕಿದೆ. ಪೆನ್ನಲ್ಲೇ. ಕಾರಣದ ಜಾಗದಲ್ಲಿ — "ಇವರು ಕೆಲಸ ಬಿಡಲಿಲ್ಲ. ತೆರಿಗೆ ರಿಯಾಯಿತಿಗೆ ಬೇಕಾದ ಸರಾಸರಿ ಸಂಬಳಕ್ಕೆ ಒಂಬತ್ತು ಸೆಂಟು ಕಡಿಮೆ ಬಿತ್ತು. ಅದಕ್ಕೆ ತೆಗೆದೆವು. ಹೆಸರು ಹೊಡೆದವಳು ನಾನು." ಕೆಳಗೆ ಪೂರ್ತಿ ಹೆಸರು, ರೋಸಲೀ ಮಿಹಾಲಿಕ್. ನಾಲ್ಕು ಗೆರೆ ಸಾಕಾಗಲಿಲ್ಲ, ಅಂಚಿಗೂ ಬರೆದೆ.

ಫ್ಯಾಕ್ಸ್ ಹೋಯ್ತು. ತಲುಪಿತು ಅಂತ ಚೀಟೀನೂ ಬಂತು. ಐವತ್ತೇಳನೇ ವಯಸ್ಸಲ್ಲಿ ಇನ್ಯಾರು ಕೆಲಸ ಕೊಡ್ತಾರೆ ನಂಗೆ? ನನ್ನ ವಿಮೆಯೂ ಇಲ್ಲೇ ಇದೆ. ಹೆದರಿಕೆ ಆಗ್ತಿದೆ, ಇಲ್ಲ ಅಂದ್ರೆ ಸುಳ್ಳು. ಆದ್ರೂ ಮೇ ತಿಂಗಳಿಂದ ಮೊದಲನೇ ಸಲ ಎದೆ ಮೇಲಿಂದ ಏನೋ ಇಳಿದಿದೆ.

ಉಳಿದ ಎಂಟು ಜನರ ಫಾರಂ ಬಂದಾಗ ಇಲ್ಲಿ ಯಾರು ಕೂತಿರ್ತಾರೋ. ಅವರಿಗೆ ಕಾಣಲಿ ಅಂತ ಒಂದು ಪ್ರತಿ ಮೇಲಿನ ಡ್ರಾಯರಲ್ಲಿ ಇಟ್ಟಿದೀನಿ. ಇನ್ನೊಂದನ್ನ ಗ್ಯಾರೆಟ್ ಮೇಜಿನ ಮೇಲೆ. ಕದ್ದು ಮಾಡಿದ ಹಾಗೆ ಆಗಬಾರದು.

ಅವನ ಬಾಗಿಲು ತೆರೀತು. ಕೈಯಲ್ಲಿ ಆ ಹಾಳೆ. ಕೂಗ್ತಿಲ್ಲ, ಓದ್ತಾನೇ ಬರ್ತಿದಾನೆ, ತುಟಿ ಅಲ್ಲಾಡ್ತಿದೆ. ಅಂಚಿಗೆ ಬರೆದದ್ದಕ್ಕೆ ಹಾಳೆ ಅಡ್ಡ ತಿರುಗಿಸಿದ. ಓದ್ಲಿ, ಪೂರ್ತಿ ಓದ್ಲಿ. ಕೇಳಿದ್ರೆ ಹೇಳೋದು ಇಷ್ಟೇ, ಗ್ಯಾರೆಟ್, ನಾನು ಅವಳ ಹೆಸರು ಹೊಡೆದೆ, ಅದರ ಮೇಲೆ ಸುಳ್ಳು ಬರೆಯಲ್ಲ.