ವಿಷ್ಣುಮೂರ್ತಿಯವರ ಹೊಸ ಒಲೆ

ಮಾಧವರಂ, ಮದರಾಸು
12-3-1961

ಪಕ್ಕದ ಮನೆಯ ಹೋಟೆಲ್ ಧಣಿ ವಿಷ್ಣುಮೂರ್ತಿಯವರಿಗೆ ಐತಪ್ಪನ ನಮಸ್ಕಾರ.

ಹೋದ ವರ್ಷ ನಾವು ಪುತ್ತೂರಿಗೆ ಹೋದಾಗ ನೀವು ಗಡಿಕಲ್ಲು ಕಿತ್ತು, ಎಂಟಡಿ ನಮ್ಮ ಕಡೆಗೆ ನೆಟ್ಟು ಬೇಲಿ ಹಾಕಿದ್ರಿ. ನಮ್ಮ ಬಾವಿ ನಿಮ್ಮದಾಯ್ತು. ಕೇಳಿದ್ದಕ್ಕೆ, "ಐತಪ್ಪಣ್ಣ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ, ಕಲ್ಲು ಅಲ್ಲೇ ಇದ್ದದ್ದು ಮಾರಾಯ್ರೆ" ಅಂತ ಬೀದಿಯವರ ಎದುರು ನಗಾಡಿದ್ರಿ. ಅವತ್ತಿಂದ ನನ್ನ ಹೆಂಡತಿ ಸರಸ ಬೀದಿ ಕೊಳಾಯಿಯಿಂದ ನೀರು ಹೊರ್ತಾ ಇದ್ದಾಳೆ.

ನೀವು ಗಡಿ ದಾಟಿದ್ರಿ, ನಾನು ಗಡಿಬಿಡಿ ಮಾಡ್ಲಿಲ್ಲ. ಯಾಕೆ ಗೊತ್ತುಂಟಾ? ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಜಾಗ ಅಳೆಯುವ ಸರಪಳಿ ಎಳೆದವ ನಾನು. ಈ ಕಲ್ಲು ನೆಟ್ಟ ದಿನವೂ ನಾನಿದ್ದೆ. ಕಲ್ಲು ನೆಡುವ ಮೊದಲು ಗುಂಡಿಯ ಆಳದಲ್ಲಿ ಒಂದು ಬುಟ್ಟಿ ಇದ್ದಿಲು ಹೂಳ್ತೇವೆ. ಕಲ್ಲನ್ನು ಕಳ್ಳ ಒಯ್ದರೂ ಇದ್ದಿಲು ಕೊಳೆಯದೆ, ನಿಜವಾದ ಗಡಿ ತೋರಿಸ್ತಾ ಅಲ್ಲೇ ಇರ್ತದೆ.

ಆ ಜಾಗದಲ್ಲಿ ಹೊಸ ಅಡುಗೆಮನೆ ಕಟ್ಟುವಾಗ ಒಲೆ ಎಲ್ಲಿ ಹಾಕುವುದು ಅಂತ ನೀವು ನನ್ನನ್ನೇ ಕೇಳಿದ್ರಿ. "ಅಗ್ನಿಮೂಲೆ, ಇಲ್ಲೇ ಹಾಕಿ" ಅಂತ ಕೋಲಿನಿಂದ ಗೀಟು ಎಳೆದುಕೊಟ್ಟೆ. ಇದ್ದಿಲು ಸರಿಯಾಗಿ ಅದರ ಅಡಿಯಲ್ಲೇ ಉಂಟು.

ನನ್ನ ಅರ್ಜಿ ಮೇಲೆ ಗುರುವಾರ ಸರ್ವೇಯರ್ ಬಂದು ಆ ಒಲೆಯ ಅಡಿ ಅಗೆಸ್ತಾರೆ. ಬೀದಿಯವರನ್ನೆಲ್ಲ ಕರೆದಿದ್ದೇನೆ, ನಗಲಿಕ್ಕೆ ಜನ ಬೇಕಲ್ವಾ? ಪಾತ್ರೆ ಪರಡಿ ಮೊದಲೇ ಇಳಿಸಿಡಿ.

ಸರಸ ನಮ್ಮ ಬಾವಿಗೆ ಹೊಸ ಹಗ್ಗ ತಂದಿಟ್ಟಿದ್ದಾಳೆ. ಮೊದಲ ಕೊಡ ನೀರು ನೀವೇ ಸೇದಿ, ಅವಳ ಅಡುಗೆಮನೆಗೆ ಹೊತ್ತು ತಂದುಕೊಡ್ಬೇಕು.

ಇಂತಿ ನಿಮ್ಮ ನೆರೆಯವ,
ಐತಪ್ಪ